ಮೇಜಿನ ಅಡಿಗೆ ಬಗ್ಗಿ ನೋಡಿ: ನಕಾಶಿಮಾ ಮಾದರಿಯ ಲೈವ್ ಎಡ್ಜ್ ಮೇಜು, ಕುರ್ಚಿಗಳ ವಿಮರ್ಶೆ

ಬೆಂಗಳೂರಿನ ಪೀಠೋಪಕರಣದ ಅಂಗಡಿಗಳಲ್ಲಿ ಈಗ ಮುಂಬಾಗಿಲ ಜಾಗ ಲೈವ್ ಎಡ್ಜ್ ಮೇಜಿಗೆ. ಮರದ ಹೊರ ಅಂಚನ್ನು ಗರಗಸಕ್ಕೆ ಕೊಟ್ಟು ನೇರ ಮಾಡದೆ, ಬೆಳೆದ ಅಂಕುಡೊಂಕಿನಲ್ಲೇ ಉಳಿಸಿಕೊಂಡ ಅಗಲವಾದ ಇಡೀ ಹಲಗೆ. ಬಿರುಕಿನ ಮೇಲೆ ಚಿಟ್ಟೆಯಾಕಾರದ ಒಂದೆರಡು ಬೆಣೆ. ಕೆಳಗೆ ಕಪ್ಪು ಬಣ್ಣದ ಕಬ್ಬಿಣದ ಕಾಲು. ಕಂಡೊಡನೆ ಕೈಯಾಡಿಸಬೇಕು ಅನಿಸುತ್ತದೆ. ಮಾರುವವರಿಗೂ ಅದು ಗೊತ್ತು, ಹಾಗಾಗಿ ಮೇಲ್ಮೈಗೆ ಕನ್ನಡಿಯಂಥ ಹೊಳಪು ಕೊಟ್ಟಿರುತ್ತಾರೆ. ಈ ಜಾತಿಯ ಮೇಜಿನ ಗುಣ ಇರುವುದು ಮಾತ್ರ ಒಣಗಿಸಿದ ರೀತಿಯಲ್ಲಿ ಮತ್ತು ಅಡಿಭಾಗದ ಕೀಲುಗಳಲ್ಲಿ. ಅಂಗಡಿಯಲ್ಲಿ ಮಂಡಿಯೂರಿ ಬಗ್ಗಿ ನೋಡಲು ಸಂಕೋಚ ಪಡುವವರು ಇದನ್ನು ಕೊಳ್ಳದಿರುವುದೇ ಮೇಲು.

ಇವಕ್ಕೆಲ್ಲ ಮೂಲ ಮಾದರಿ ಜಾರ್ಜ್ ನಕಾಶಿಮಾ. 1905ರಲ್ಲಿ ಅಮೆರಿಕದ ಸ್ಪೋಕೇನ್‌ನಲ್ಲಿ ಹುಟ್ಟಿದ ಜಪಾನೀ ಮೂಲದ ವಾಸ್ತುಶಿಲ್ಪಿ. 1930ರ ದಶಕದಲ್ಲಿ ಪಾಂಡಿಚೇರಿಗೆ ಬಂದು ಅರವಿಂದಾಶ್ರಮದ ಗೋಲ್ಕೊಂಡೆ ವಸತಿಗೃಹದ ಕಟ್ಟಡ ಕೆಲಸ ನೋಡಿಕೊಂಡರು. ಅಲ್ಲಿನ ತೇಗದ ಪೀಠೋಪಕರಣಗಳೂ ಅವರ ವಿನ್ಯಾಸವೇ. ಸುಂದರಾನಂದ ಎಂಬ ಹೆಸರು ಬಂದದ್ದು ಆಶ್ರಮದಲ್ಲಿ. ಯುದ್ಧ ಕಾಲದಲ್ಲಿ, 1942ರಲ್ಲಿ, ಐಡಾಹೋದ ಮಿನಿಡೋಕಾ ಶಿಬಿರದಲ್ಲಿ ಬಂಧಿಯಾಗಿದ್ದಾಗ ಜೊತೆಗಿದ್ದ ಒಬ್ಬ ಜಪಾನೀ ಬಡಗಿಯಿಂದ ಕೈ ಉಪಕರಣಗಳ ಕೆಲಸವನ್ನು ಚೆನ್ನಾಗಿ ಕಲಿತರು. ಮರುವರ್ಷ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆ ನಿಂತರು. 1990ರಲ್ಲಿ ಅವರು ತೀರಿಕೊಂಡ ಮೇಲೆ ಕಾರ್ಖಾನೆಯನ್ನು ಮಗಳು ಮೀರಾ ನಕಾಶಿಮಾ ಮುಂದುವರಿಸಿದರು. ಬೇರೆಯವರು ಬಿರುಕು, ಗಂಟು, ಕೊಳೆತ ತೂತು ಎಂದು ಬದಿಗೆ ಸರಿಸುತ್ತಿದ್ದ ಹಲಗೆಗಳನ್ನೇ ಜಾರ್ಜ್ ಆರಿಸಿಕೊಳ್ಳುತ್ತಿದ್ದರು. ನಕಲು ಮಾಡುವವರು ಹಿಡಿದುಕೊಂಡದ್ದು ಈ ಒಂದು ಮಾತನ್ನು ಮಾತ್ರ. ದಿಮ್ಮಿ ಕೊಯ್ಯುವಾಗ ಪಕ್ಕದಲ್ಲಿ ನಿಂತು ಎಲ್ಲಿ, ಎಷ್ಟು ದಪ್ಪಕ್ಕೆ ಸೀಳಬೇಕು ಎಂದು ತೀರ್ಮಾನಿಸುತ್ತಿದ್ದದ್ದು, ಒಂದೇ ದಿಮ್ಮಿಯ ಹಲಗೆಗಳನ್ನು ಸೀಳಿದ ಕ್ರಮದಲ್ಲೇ ಒಟ್ಟಿ ವರ್ಷಗಟ್ಟಲೆ ಒಣಗಿಸುತ್ತಿದ್ದದ್ದು ನಕಲಿನಲ್ಲಿ ಬರಲಿಲ್ಲ.

ಮೊದಲು ಒಣಗಿಸುವ ವಿಷಯ. ಎಲ್ಲ ತೊಂದರೆಯ ಬೇರು ಇಲ್ಲೇ ಇದೆ. ಗಾಳಿಯಲ್ಲಿ ಒಣಗಿಸಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಎರಡೂವರೆ ಇಂಚಿನ ಹಸಿ ಹಲಗೆಗೆ, ನಡುನಡುವೆ ಪಟ್ಟಿ ಇಟ್ಟು ನೆರಳಿನಲ್ಲಿ ಒಟ್ಟಿದರೆ, ಎರಡು ವರ್ಷಕ್ಕೆ ಕಡಿಮೆಯಿಲ್ಲ. ಆಮೇಲೂ ಕೆಲವು ವಾರ ಬಿಸಿಗಾಳಿಯ ಒಣಗುಕೋಣೆಯಾದ ಕಿಲ್ನ್‌ನಲ್ಲಿಟ್ಟು ಕೊನೆಯ ತೇವ ತೆಗೆಯಬೇಕು. ಕಾಯಲಾರದವರು ಹಸಿ ಹಲಗೆಯನ್ನು ನೇರ ಕಿಲ್ನ್‌ಗೆ ತಳ್ಳಿ ಬಿಸಿ ಏರಿಸುತ್ತಾರೆ. ಆಗ ಹೊರಗಿನ ಪದರ ಬೇಗ ಒಣಗಿ ಗಟ್ಟಿಯಾಗುತ್ತದೆ, ಒಳಗಿನ ತೇವ ಅಲ್ಲೇ ಸಿಕ್ಕಿಬೀಳುತ್ತದೆ. ಇಂಥ ಹಲಗೆ ಅಂಗಡಿಯಲ್ಲಿ ಚೊಕ್ಕವಾಗಿ ಕಾಣುತ್ತದೆ. ಮನೆಗೆ ಬಂದು ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಒಳಗಿನಿಂದ ಬಿರಿಯುತ್ತದೆ.

ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ತೋರಿಸಿ ‘ಹತ್ತು ಪರ್ಸೆಂಟ್ ಸರ್’ ಎನ್ನುವುದನ್ನು ಹಾಗೇ ಒಪ್ಪಬೇಡಿ. ಸಾಮಾನ್ಯ ಮೀಟರ್‌ನ ಮೊಳೆ ಕೆಲವೇ ಮಿಲಿಮೀಟರ್ ಒಳಗೆ ಹೋಗುತ್ತದೆ, ಅಂದರೆ ಒಣಗಿದ ಹೊರಪದರವನ್ನಷ್ಟೇ ಅಳೆಯುತ್ತದೆ. ಹಲಗೆಯ ತುದಿಯಲ್ಲಿ ಅಳೆದರೆ ಇನ್ನೂ ಕಡಿಮೆ ತೋರಿಸುತ್ತದೆ, ಏಕೆಂದರೆ ನಾರಿನ ಬಾಯಿ ತೆರೆದಿರುವ ತುದಿಯಲ್ಲಿ ಮರ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಅಡಿಭಾಗದ ನಟ್ಟನಡುವೆ, ಉದ್ದ ಮೊಳೆಯ ಮೀಟರ್ ಬಡಿದು, ದಪ್ಪದ ಕಾಲು ಭಾಗದಷ್ಟು ಆಳದಲ್ಲಿ ಅಳೆಸಿ. ಎರಡು ಇಂಚಿನ ಹಲಗೆಗೆ ಸುಮಾರು 12 ಮಿಲಿಮೀಟರ್. ಮೇಲ್ಪದರಕ್ಕೂ ಒಳಗಿಗೂ ಮೂರು ಶೇಕಡಾ ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಹಲಗೆ ಇನ್ನೂ ಮಾರುವ ಹದಕ್ಕೆ ಬಂದಿಲ್ಲ. ಮೀಟರ್ ಯಾವ ಜಾತಿಯ ಮರಕ್ಕೆ ಹೊಂದಿಸಿದೆ ಎಂಬುದನ್ನೂ ಕೇಳಿ.

ಎಷ್ಟಿರಬೇಕು ಎಂಬುದು ಊರನ್ನು ಅವಲಂಬಿಸಿದೆ. ಬೆಂಗಳೂರಿನ ಮನೆಯೊಳಗೆ ಮರದ ತೇವಾಂಶ ಬೇಸಿಗೆಯ ಆರಂಭದಲ್ಲಿ ಸುಮಾರು ಶೇ 8-9ಕ್ಕೆ ಇಳಿದು, ಮಳೆಗಾಲದಲ್ಲಿ 13-14ಕ್ಕೆ ಏರುತ್ತದೆ. ಇಲ್ಲಿಗೆ 10ರಿಂದ 12 ಸರಿ. ಮಂಗಳೂರು, ಕಾರವಾರದ ಕಡೆ 13-14 ಇದ್ದರೂ ನಡೆಯುತ್ತದೆ. ಕಲಬುರಗಿ, ರಾಯಚೂರಿಗೆ ಒಯ್ಯುವುದಾದರೆ 10ಕ್ಕಿಂತ ಕೆಳಗೇ ಇರಲಿ. ಇಡೀ ದಿನ ಏಸಿ ಓಡುವ ಕಚೇರಿಗೂ ಹಾಗೆಯೇ.

ಈ ಏರಿಳಿತದಲ್ಲಿ ಮರ ಎಷ್ಟು ಜರುಗುತ್ತದೆ? ಉದ್ದದಲ್ಲಿ ಲೆಕ್ಕಕ್ಕಿಲ್ಲ, ಅಗಲದಲ್ಲಿ ಲೆಕ್ಕಕ್ಕಿದೆ. ಮೂರು ಅಡಿ ಅಗಲದ ಮಳೆಮರದ ಹಲಗೆಯಲ್ಲಿ ತೇವಾಂಶ ಐದು ಅಂಶ ಬದಲಾದರೆ ಸುಮಾರು 5 ಮಿಲಿಮೀಟರ್, ತೇಗಕ್ಕೆ 8-9, ನಕಾಶಿಮಾ ಹೆಚ್ಚಾಗಿ ಬಳಸಿದ ಕಪ್ಪು ವಾಲ್ನಟ್‌ಗೆ 12-13. ಪಾಲಿಶ್ ಆದ ದಪ್ಪ ಹಲಗೆ ಒಂದು ಋತುವಿನಲ್ಲಿ ಇಷ್ಟನ್ನೂ ಜರುಗುವುದಿಲ್ಲ, ಅರ್ಧ ಜರುಗಿದರೂ ತಪ್ಪಾಗಿ ಬಿಗಿದ ಬೋಲ್ಟಿಗೆ ಸಾಕು. ಮಳೆಮರ ನಮ್ಮಲ್ಲಿ ಇಷ್ಟು ಚಾಲ್ತಿಗೆ ಬಂದದ್ದರ ಗುಟ್ಟು ಇದೇ. ಕುಗ್ಗುವುದು ಕಡಿಮೆ, ಬೊಡ್ಡೆ ಅಗಲ, ಕೆಚ್ಚಿನ ಚಾಕೊಲೇಟ್ ಬಣ್ಣ ಚಂದ. ಬೆಂಗಳೂರಿನ ರಸ್ತೆಬದಿಯಲ್ಲಿ ಗಾಳಿಮಳೆಗೆ ಉರುಳುವ ದೊಡ್ಡ ಮರಗಳಲ್ಲಿ ಇದೂ ಒಂದು. ಇಂಡೋನೇಷ್ಯಾದಿಂದ ‘ಸುವಾರ್’ ಎಂದು ಬರುವ ದುಬಾರಿ ಹಲಗೆಯೂ ಇದೇ ಮರ. ಹೆಸರು ಹೊಸದು ಎಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಈಗ ಅಂಚು. ನಿಜವಾದ ಅಂಚೋ, ಗ್ರೈಂಡರ್‌ನಲ್ಲಿ ಕೊರೆದದ್ದೋ ಎಂದು ತಿಳಿಯಲು ಎರಡು ಕಡೆ ನೋಡಿದರೆ ಸಾಕು. ತೊಗಟೆಯ ಬಳಿಯ ಬಿಳಿ ಭಾಗ ಅಂಚಿನ ಪ್ರತಿ ಬಳುಕಿನ ಜೊತೆಗೂ ಸಮನಾದ ಪಟ್ಟಿಯಾಗಿ ಸಾಗಬೇಕು. ಕೊರೆದ ಅಂಚಿನಲ್ಲಿ ಈ ಪಟ್ಟಿ ನೇರ ಹೋಗುತ್ತಿದ್ದು, ಅಂಚು ಮಾತ್ರ ಅದನ್ನು ಕಡಿದುಕೊಂಡು ಒಳಹೊರಗೆ ಓಡಾಡುತ್ತದೆ. ಹಲಗೆಯ ತುದಿಯಲ್ಲಿ ಕಾಣುವ ಬಳೆಗೆರೆಗಳೂ ಅಂಚಿಗೆ ಸಮಾನಾಂತರವಾಗಿ ಬಾಗಿರಬೇಕು. ತುದಿಯನ್ನು ನೋಡುವಾಗಲೇ ಮರದ ತಿರುಳು, ಎಂದರೆ ನಟ್ಟನಡುವಿನ ಬಿಂದು, ಹಲಗೆಯೊಳಗೆ ಉಳಿದಿದೆಯೇ ಎಂದೂ ಗಮನಿಸಿ. ತಿರುಳಿರುವ ಹಲಗೆ ಅಲ್ಲಿಂದಲೇ ಸೀಳುತ್ತದೆ. ಅದನ್ನು ಕೊಯ್ದು ತೆಗೆದು ಎರಡು ಭಾಗವನ್ನು ಜೋಡಿಸಿದ್ದರೆ ಭಯವಿಲ್ಲ.

ತೊಗಟೆ ಹಾಗೇ ಉಳಿಸಿದ ಮೇಜು ಬೇಡ. ಒಣಗಿದಂತೆ ಅದು ಬಿಟ್ಟುಕೊಂಡು ಉದುರುತ್ತದೆ, ಅಡಿಯಲ್ಲಿ ಹುಳು ಮನೆ ಮಾಡುತ್ತದೆ. ನಕಾಶಿಮಾ ಮೇಜುಗಳಲ್ಲಿ ತೊಗಟೆ ಕಿತ್ತು ಅದರ ಕೆಳಗಿನ ಮೈಯನ್ನಷ್ಟೇ ನಯ ಮಾಡಿರುತ್ತಾರೆ. ಇನ್ನು ಬಿಳಿ ಭಾಗಕ್ಕೆ ಕುಟ್ಟೆ ಹುಳುವಿನ ಕಾಟ ಸಹಜ, ಹುಳು ತಿನ್ನುವ ಪಿಷ್ಟ ಆ ಭಾಗದಲ್ಲೇ ಇರುವುದರಿಂದ. ಗುಂಡುಸೂಜಿಯ ತಲೆಯಷ್ಟು ತೂತು, ಕೆಳಗೆ ಪೌಡರ್‌ನಂಥ ನುಣುಪಾದ ಪುಡಿ ಕಂಡರೆ ಹುಳು ಜೀವಂತ ಇದೆ ಎಂದೇ ಅರ್ಥ. ಹಸಿಯಿದ್ದಾಗಲೇ ಬೊರಾಕ್ಸ್-ಬೋರಿಕ್ ಆಸಿಡ್ ದ್ರಾವಣದಲ್ಲಿ ಉಪಚರಿಸಿದ್ದರೆ ಒಳಗಿಳಿದು ಕಾಯುತ್ತದೆ. ಪಾಲಿಶ್ ಆದ ಮೇಲೆ ಮೇಲಿನಿಂದ ಏನು ಸಿಂಪಡಿಸಿದರೂ ಪ್ರಯೋಜನ ಕಡಿಮೆ.

ಚಿಟ್ಟೆ ಬೆಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಮೋಸ ಹೆಚ್ಚು ಇರುವುದೂ ಇಲ್ಲೇ. ಬಿರುಕು ಮುಂದೆ ಓಡದಂತೆ, ಬಾಯಿ ಅಗಲವಾಗದಂತೆ ಎರಡು ದಡವನ್ನು ಹಿಡಿದಿಡುವುದು ಅದರ ಕೆಲಸ. ಹಾಗಾಗಿ ಬೆಣೆಯ ನಾರು ಬಿರುಕಿಗೆ ಅಡ್ಡವಾಗಿ, ಒಂದು ರೆಕ್ಕೆಯಿಂದ ಇನ್ನೊಂದು ರೆಕ್ಕೆಗೆ ಓಡಬೇಕು. ನಾರು ಬಿರುಕಿನ ದಿಕ್ಕಿನಲ್ಲೇ ಇದ್ದರೆ ಬೆಣೆ ಸೊಂಟದಲ್ಲಿ ಬಿಸ್ಕತ್ತಿನಂತೆ ಮುರಿಯುತ್ತದೆ. ಮರ ಗಟ್ಟಿ ಜಾತಿಯದಾಗಿರಬೇಕು. ನಕಾಶಿಮಾ ಕೆಲಸದಲ್ಲಿ ಬೀಟೆ ಸಾಮಾನ್ಯ. ಎರಡು ಇಂಚಿನ ಹಲಗೆಗೆ ಮೂರ್ನಾಲ್ಕು ಇಂಚು ಉದ್ದದ, ಮುಕ್ಕಾಲು ಇಂಚಾದರೂ ಆಳಕ್ಕೆ ಇಳಿದ ಬೆಣೆ ಬೇಕು. ಸೊಂಟ ರೆಕ್ಕೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ಸಣ್ಣದಾಗಬಾರದು.

ಅಂಗಡಿಯಲ್ಲಿ ಸಿಗುವ ಹಲವು ಬೆಣೆಗಳು ಮೂರು-ನಾಲ್ಕು ಮಿಲಿಮೀಟರ್ ದಪ್ಪದ ಬಿಲ್ಲೆಗಳು. ಬಿರುಕೇ ಇಲ್ಲದ ಕಡೆ ಸಾಲಾಗಿ ಮೂರು ಕೂರಿಸಿರುವುದನ್ನೂ ನೋಡಬಹುದು, ಕುಂಕುಮ ಇಟ್ಟ ಹಾಗೆ. ಆಳ ತಿಳಿಯಬೇಕಾದರೆ ಕೂರಿಸುವ ಮುಂಚಿನ ಗುಂಡಿಯ ಫೋಟೊ ಕೇಳಿ. ಕೆಲಸ ಗೊತ್ತಿರುವವರು ತೆಗೆದಿಟ್ಟುಕೊಂಡಿರುತ್ತಾರೆ. ಬೆಣೆಯ ಸುತ್ತ ವಿಸಿಟಿಂಗ್ ಕಾರ್ಡಿನ ಮೂಲೆ ಹೊಗುವಷ್ಟು ಸಂದಿದ್ದರೆ, ಅಥವಾ ಸಂದಿಗೆ ಮರದ ಪುಡಿ-ಫೆವಿಕಾಲ್ ಮೆತ್ತಿದ್ದು ಬೇರೆ ಬಣ್ಣದಲ್ಲಿ ಕಂಡರೆ, ಅದು ಅಲಂಕಾರ. ಮೂಲೆ ಚೂಪಾಗಿದ್ದರೆ ಉಳಿಯಿಂದ ತೆಗೆದದ್ದು, ಗುಂಡಗಿದ್ದರೆ ಕೊರೆಯುವ ಯಂತ್ರವಾದ ರೌಟರ್‌ನ ಕೆಲಸ. ರೌಟರ್‌ನದೂ ಬಿಗಿಯಾಗಿ ಕೂತಿದ್ದರೆ ತಕರಾರಿಲ್ಲ. ಒಂದು ಎಚ್ಚರಿಕೆ: ಒಣಗಿರದ ಹಲಗೆಗೆ ಎಂಥ ಒಳ್ಳೆಯ ಬೆಣೆ ಹಾಕಿದರೂ ಬೆಣೆಯಾದರೂ ಮುರಿಯುತ್ತದೆ, ಪಕ್ಕದಲ್ಲಿ ಹೊಸ ಬಿರುಕಾದರೂ ಹುಟ್ಟುತ್ತದೆ.

ಅಡಿಗೆ ಬಗ್ಗಿದಾಗ ಮೊದಲು ಕಣ್ಣಿಗೆ ಬೀಳಬೇಕಾದದ್ದು ಪಾಲಿಶ್. ಮೇಲ್ಮೈಗೆ ನಾಲ್ಕು ಕೋಟು ಕೊಟ್ಟು ಅಡಿಯನ್ನು ಬೆತ್ತಲೆ ಬಿಟ್ಟಿದ್ದರೆ, ಮಳೆಗಾಲದಲ್ಲಿ ಅಡಿಭಾಗ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಹಲಗೆ ಅಗಲದಲ್ಲಿ ಬಾಗುತ್ತದೆ. ಮೇಲೆಷ್ಟೋ ಕೆಳಗೂ ಅಷ್ಟೇ ಕೋಟು ಇರಬೇಕು.

ಎರಡನೆಯದು ಕಾಲು ಜೋಡಿಸಿದ ಬಗೆ. ಕಬ್ಬಿಣದ ಚೌಕಟ್ಟಿನ ತೂತುಗಳು ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ಸೀಳುಗಳಾಗಿರಬೇಕು. ಬೋಲ್ಟಿನ ಎರಡೂ ಬದಿಗೆ ನಾಲ್ಕು-ಐದು ಮಿಲಿಮೀಟರ್ ಜಾಗ. ನಡುವಿನ ಬೋಲ್ಟು ಮಾತ್ರ ಗಟ್ಟಿ, ಅಂಚಿನವು ವಾಷರ್ ಮೇಲೆ ಜಾರುವಂತಿರಲಿ. ದುಂಡು ತೂತಿಗೆ ಸ್ಕ್ರೂ ಬಿಗಿದಿದ್ದರೆ ಮರ ಕುಗ್ಗಲು ಹೋದಾಗ ಕಬ್ಬಿಣ ಬಿಡುವುದಿಲ್ಲ, ನಡುವೆ ‘ಫಟ್’ ಎಂದು ಸೀಳು ಬರುತ್ತದೆ. ಸ್ಕ್ರೂ ಬದಲು ಮರದೊಳಗೆ ಹಿತ್ತಾಳೆಯ ಅಥವಾ ಉಕ್ಕಿನ ತಿರುಪಿನ ಬುಷ್ ಕೂರಿಸಿ ಎಂಟು ಎಂಎಂ ಬೋಲ್ಟು ಹಾಕಿದ್ದರೆ ಮನೆ ಬದಲಿಸುವಾಗ ಬಿಚ್ಚಿ ಕಟ್ಟಲು ಸುಲಭ. ಬಿಚ್ಚಲೇಬೇಕು: ಎಂಟಡಿ ಉದ್ದ, ಮೂರಡಿ ಅಗಲ, ಎರಡಿಂಚು ದಪ್ಪದ ಮಳೆಮರದ ಹಲಗೆಯೊಂದೇ 65-70 ಕೆಜಿ ತೂಗುತ್ತದೆ. ಲಿಫ್ಟಿನ ಒಳ ಎತ್ತರ, ಮೆಟ್ಟಿಲಿನ ತಿರುವು ಅಳೆದುಕೊಂಡೇ ಆರ್ಡರ್ ಕೊಡಿ.

ಹಲಗೆಯ ಅಡಿಗೆ ಅಡ್ಡವಾಗಿ ಕಾಲುವೆ ಕೊರೆದು ಕಬ್ಬಿಣದ ಸಿ-ಚಾನೆಲ್ (ಸಿ ಅಕ್ಷರದಾಕಾರದ ಪಟ್ಟಿ) ಕೂರಿಸುವುದೂ ಉಂಟು. ಅಗಲ ಹಲಗೆಗೆ ಒಳ್ಳೆಯದೇ, ಚಾನೆಲ್‌ನಲ್ಲೂ ಸೀಳು ತೂತು ಇದ್ದರೆ.

ರೆಸಿನ್ ‘ನದಿ’ ಮೇಜುಗಳನ್ನು ಈ ಸಾಲಿಗೆ ಸೇರಿಸಲು ಮನಸ್ಸಾಗುವುದಿಲ್ಲ. ಎರಡು ಹಲಗೆಯ ನಡುವೆ ನೀಲಿ ಎಪಾಕ್ಸಿ, ಎಂದರೆ ಸುರಿದ ಮೇಲೆ ಗಟ್ಟಿಯಾಗುವ ರೆಸಿನ್, ಸುರಿದರೆ ಯಾವ ವಕ್ರ ಅಂಚೂ ಹೊಂದಿಕೊಳ್ಳುತ್ತದೆ. ಹಲಗೆ ಆರಿಸುವ ಕಣ್ಣೇ ಬೇಡ. ಉಪಯೋಗದಲ್ಲೂ ತೊಡಕಿದೆ. ಸಾಮಾನ್ಯ ಎಪಾಕ್ಸಿ 50-60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಇಟ್ಟರೆ ಬಳೆಯ ಗುರುತು ಗ್ಯಾರಂಟಿ. ಕಿಟಕಿಯ ಬಿಸಿಲಿಗೆ ಹಳದಿಯಾಗುತ್ತದೆ. ಮರ ಕುಗ್ಗಿದಾಗ ರೆಸಿನ್ ಅದರ ಜೊತೆ ಕುಗ್ಗುವುದಿಲ್ಲ, ಹಾಗಾಗಿ ದಡದುದ್ದಕ್ಕೂ ಕೂದಲೆಳೆಯ ಸಂದಿ ತೆರೆದುಕೊಳ್ಳುತ್ತದೆ. ದಡದಲ್ಲಿ ಸಾಲುಗುಳ್ಳೆ ಕಂಡರೆ, ಸುರಿಯುವ ಮುನ್ನ ಅಂಚಿಗೆ ತೆಳುವಾಗಿ ರೆಸಿನ್ ಬಳಿದು ಸೀಲ್ ಮಾಡಿಲ್ಲ, ಅಥವಾ ಮರ ಹಸಿಯಿತ್ತು ಎಂದು ಊಹಿಸಬಹುದು. ಸಣ್ಣ ಗಂಟಿನ ತೂತಿಗೆ ಕಪ್ಪು ರೆಸಿನ್ ತುಂಬಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ, ಅನ್ನದ ಅಗುಳು ಸಿಕ್ಕಿಕೊಳ್ಳುವುದಾದರೂ ತಪ್ಪುತ್ತದೆ.

ಪಾಲಿಶ್‌ನಲ್ಲಿ ನ್ಯೂ ಹೋಪ್‌ನ ಪದ್ಧತಿ ಎಣ್ಣೆ ತಿಕ್ಕುವುದು. ಮರದ ಮೈ ಕೈಗೆ ಸಿಗುತ್ತದೆ, ಗೀರು ಬಿದ್ದ ಕಡೆಯಷ್ಟೇ ಉಪ್ಪುಕಾಗದ ಆಡಿಸಿ ಮತ್ತೆ ಎಣ್ಣೆ ಹಚ್ಚಬಹುದು. ನಮ್ಮ ಊಟದ ಮೇಜಿಗೆ ಮಾತ್ರ ಬರೀ ಎಣ್ಣೆ ಸಾಲದು. ಅರಿಶಿನ, ಹುಣಸೆ, ಎಣ್ಣೆ ಒಗ್ಗರಣೆ ಮೂರೂ ದಿನಾ ಚೆಲ್ಲುವ ಜಾಗ ಅದು. ಮೇಣ ಬೆರೆಸಿದ ಗಟ್ಟಿ ಎಣ್ಣೆ, ಅಂಗಡಿಯಲ್ಲಿ ಹಾರ್ಡ್‌ವ್ಯಾಕ್ಸ್ ಆಯಿಲ್ ಎನ್ನುವುದು, ಎರಡು ಕೋಟು ಕೊಟ್ಟು ವರ್ಷಕ್ಕೊಮ್ಮೆ ಮತ್ತೊಂದು ಸವರಿದರೆ ಒಳ್ಳೆಯ ಮಧ್ಯದಾರಿ. ಪಿಯು (ಪಾಲಿಯುರೆಥೇನ್) ಪಾಲಿಶ್ ಎಲ್ಲಕ್ಕಿಂತ ಗಟ್ಟಿ, ಆದರೆ ಒಮ್ಮೆ ಕಿತ್ತರೆ ಇಡೀ ಮೇಲ್ಮೈ ಕೆರೆಸಬೇಕು. ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ಮಾಸುತ್ತದೆ, ಗಾಬರಿಯಿಂದ ಉಜ್ಜಬೇಡಿ. ಒದ್ದೆ ಕಬ್ಬಿಣದ ಬಾಣಲೆ ಬಿಟ್ಟ ಕಪ್ಪು ಬಳೆ ಬೇರೆ ಸಂಗತಿ. ಮರದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಕಲೆ ಅದು. ಪಾಲಿಶ್ ಕೆರೆದು, ತೆಳು ಆಕ್ಸಾಲಿಕ್ ಆಸಿಡ್ ದ್ರಾವಣ ಹಚ್ಚಿ, ಚೆನ್ನಾಗಿ ನೀರಿನಲ್ಲಿ ಒರೆಸಿದರೆ ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ವಿಷಕಾರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ತಾನೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

ಅಳತೆಯಲ್ಲಿ ಒಂದು ಮಾತು: ಅಂಕುಡೊಂಕು ಎಷ್ಟೇ ಚಂದವಿದ್ದರೂ ಎದುರುಬದುರು ತಟ್ಟೆ ಇಡುವ ಕಡೆ ಅಗಲ 30 ಇಂಚಿಗಿಂತ ಕಡಿಮೆಯಾಗಬಾರದು. ತಲೆಗೆ 24 ಇಂಚು ಉದ್ದ. ಎತ್ತರ 29-30 ಇಂಚು. ಮೊಣಕಾಲಿಗೆ 26 ಇಂಚಾದರೂ ಉಳಿಯಬೇಕು, ದಪ್ಪ ಹಲಗೆಗೆ ಸಿ-ಚಾನೆಲ್ ಸೇರಿದರೆ ಇಲ್ಲೇ ಎಡವಟ್ಟಾಗುವುದು.

ಮೇಜಿನ ಜೊತೆಗೆ ಕೊನಾಯ್ಡ್ ಕುರ್ಚಿಯ ನಕಲೂ ಬರುತ್ತಿದೆ. ನಕಾಶಿಮಾ 1960ರಲ್ಲಿ ರೂಪಿಸಿದ ಈ ಕುರ್ಚಿಗೆ ಇರುವುದು ಎರಡೇ ಕಾಲು. ಹಿಂದಿನ ಎರಡು ಕಂಬ ಕೆಳಗೆ ಉದ್ದನೆಯ ಎರಡು ಪಾದಗಳ ಮೇಲೆ ನಿಂತು, ಕೂರುವ ಹಲಗೆ ಮುಂದಕ್ಕೆ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಬೆನ್ನಿಗೆ ಹಿಕರಿ ಮರದ ತೆಳ್ಳನೆಯ ಕಡ್ಡಿಗಳು. ಹೆಸರು ಬಂದದ್ದು ನ್ಯೂ ಹೋಪ್‌ನ ಅವರ ಸ್ಟುಡಿಯೋದ ಕಾಂಕ್ರೀಟ್ ಚಿಪ್ಪಿನ ಮಾಡಿನಿಂದ. ನೋಡಲು ಅಪಾಯಕಾರಿ, ಕೂರಲು ಗಟ್ಟಿ. ಭಾರವೆಲ್ಲ ಹಲಗೆ ಕಂಬವನ್ನು ಸೇರುವ ಕೀಲಿಗೂ, ಕಂಬ ಪಾದಕ್ಕೆ ಇಳಿಯುವ ಕೀಲಿಗೂ ಬೀಳುತ್ತದೆ. ಮೂಲದಲ್ಲಿ ಇವು ಕೊರೆದ ಗೂಡಿನೊಳಗೆ ಬಿಗಿಯಾಗಿ ಇಳಿದ ನಾಲಗೆಗಳು. ನಕಲಿನಲ್ಲಿ ಡೊವೆಲ್ ಎಂಬ ದುಂಡು ಮರದ ಕಡ್ಡಿ ಮತ್ತು ಅಂಟು ಇದ್ದರೆ ನಂಬಬೇಡಿ. ಪರೀಕ್ಷೆ ಸುಲಭ: ಮುಂದಿನ ಅಂಚಿನಲ್ಲಿ ಕೂತು ಪಕ್ಕಕ್ಕೆ ವಾಲಿ. ಕಿರ್ ಎಂದರೆ ಎದ್ದುಬಿಡಿ. ಗ್ರಾನೈಟ್, ವಿಟ್ರಿಫೈಡ್ ನೆಲಕ್ಕೆ ಈ ಪಾದಗಳು ಅಷ್ಟು ಹೊಂದುವುದಿಲ್ಲ; ನೆಲ ಸಮತಟ್ಟಾಗಿಲ್ಲದಿದ್ದರೆ ಒಂದು ಮೂಲೆ ಕುಂಟುತ್ತದೆ, ಅಡಿಗೆ ಫೆಲ್ಟ್ ಪಟ್ಟಿ ಅಂಟಿಸಬೇಕಾಗುತ್ತದೆ. ಕೈಯಿಡುವ ತೋಳು ಇಲ್ಲದ್ದರಿಂದ ಎದ್ದೇಳಲು ಕೈಯೂರುವ ಹಿರಿಯರಿಗೆ ಇದು ಬೇಡ. ಕೂತು ಊಟ ಮಾಡಲು, ಬರೆಯಲು ಬೆನ್ನು ಚೆನ್ನಾಗಿ ಹಿಡಿಯುತ್ತದೆ.

ಅಸಲಿ ಕೆಲಸ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆಂದರೆ ನ್ಯೂ ಹೋಪ್‌ಗೇ ಹೋಗಬೇಕಾಗಿಲ್ಲ. ನಕಾಶಿಮಾ ಕಾರ್ಖಾನೆಯ ದೊಡ್ಡ ಶಾಂತಿ ಮೇಜೊಂದು 1996ರಿಂದ ಪಾಂಡಿಚೇರಿ ಬಳಿಯ ಆರೋವಿಲ್‌ನಲ್ಲಿದೆ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ದೂರ. ಒಂದೇ ದಿಮ್ಮಿಯ ಹಲಗೆಗಳು ಪುಸ್ತಕ ತೆರೆದಿಟ್ಟಂತೆ ಒಂದರ ಪಕ್ಕ ಒಂದು ಹೇಗೆ ಕೂರುತ್ತವೆ, ನಡುವೆ ಬೆಣೆ ಎಲ್ಲಿ ಎಷ್ಟು ಬಿದ್ದಿದೆ ಎಂದು ನೋಡಿಬಂದರೆ ಅಂಗಡಿಯಲ್ಲಿ ಕಣ್ಣು ತಾನಾಗಿ ಚುರುಕಾಗುತ್ತದೆ.

ಕೊನೆಗೆ ಬಿಲ್ಲು. ಹಲಗೆಯ ಬೆಲೆ ಘನ ಅಡಿ, ಎಂದರೆ ಸಿಎಫ್‌ಟಿ ಲೆಕ್ಕದಲ್ಲಿ. ಅತಿ ಅಗಲವಿರುವ ಕಡೆ ಟೇಪು ಹಿಡಿದರೆ ಲೆಕ್ಕ ಮಾರುವವರ ಕಡೆಗೆ ವಾಲುತ್ತದೆ; ಎರಡು ತುದಿ ಮತ್ತು ನಡು, ಮೂರು ಕಡೆ ಅಳೆದು ಸರಾಸರಿ ಹಾಕಿಸಿ. ಎಂಟು ಅಡಿ, ಸರಾಸರಿ ಮೂರು ಅಡಿ, ಎರಡಿಂಚಿಗೆ ನಾಲ್ಕು ಸಿಎಫ್‌ಟಿ. ಹತ್ತರಿ ಹೊಡೆಯುವ ಮುಂಚಿನ ಎರಡೂವರೆ ಇಂಚಿಗೆ ಐದು. ಯಾವ ದಪ್ಪಕ್ಕೆ ದುಡ್ಡು ಎಂದು ಮೊದಲೇ ಮಾತಾಡಿ. ಬಿಲ್ಲಿನಲ್ಲಿ ಮರದ ಜಾತಿ, ಕೊಟ್ಟ ದಿನದ ತೇವಾಂಶ, ಅಡಿಭಾಗಕ್ಕೂ ಪಾಲಿಶ್ ಆಗಿದೆ ಎಂಬ ಸಾಲು, ಒಂದು ಬೇಸಿಗೆ ಒಂದು ಮಳೆಗಾಲ ದಾಟುವವರೆಗೆ ಬಿರುಕು-ಬಾಗಿಗೆ ಅವರೇ ಹೊಣೆ ಎಂಬ ಸಾಲು ಬರೆಸಿಕೊಳ್ಳಿ. ಸರಿಯಾಗಿ ಒಣಗಿಸಿದವರು ಇದನ್ನು ಬರೆದುಕೊಡಲು ಹಿಂದೆಮುಂದೆ ನೋಡುವುದಿಲ್ಲ. ‘ಮರ ಅಂದಮೇಲೆ ಬಿರುಕು ಬಿಡುತ್ತೆ ಸರ್, ಅದೇ ನ್ಯಾಚುರಲ್’ ಎಂದರೆ ಪಕ್ಕದ ಅಂಗಡಿ ನೋಡಿ.